ಬೈಕಿನ ಪೆಟ್ರೋಲ್ ಟ್ಯಾಂಕ್ ಕಳಚುವ ಮುನ್ನ: ಮನೆಯಲ್ಲಿಯೇ ದುರಸ್ತಿ ಮಾಡಿಕೊಳ್ಳುವವರು ತಿಳಿದಿರಬೇಕಾದ ಸಂಗತಿಗಳು

ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ದೇಶದಲ್ಲಿ ಚಾಲನೆ ದೊರೆತದ್ದು ಬೆಂಗಳೂರಿನಲ್ಲಿಯೇ. 2023ರ ಫೆಬ್ರವರಿ 6ರಂದು ನಗರದಲ್ಲಿ ಆರಂಭವಾದ ಭಾರತ ಇಂಧನ ಸಪ್ತಾಹದಲ್ಲಿ ಪ್ರಧಾನಿ ನರೇಂದ್ರ ಮೋದಿ ಅದನ್ನು ಬಿಡುಗಡೆ ಮಾಡಿದರು. ಮೊದಲಿಗೆ 84 ಬಂಕುಗಳಲ್ಲಿ ಮಾತ್ರ ಸಿಗುತ್ತಿದ್ದ ಈ ಇಂಧನ 2025ರ ವೇಳೆಗೆ ದೇಶದ ಬಹುತೇಕ ಬಂಕುಗಳ ಸಾಮಾನ್ಯ ಪೆಟ್ರೋಲ್ ಆಯಿತು. ಹೊಸ ಬೈಕುಗಳ ಮಾಲೀಕರಿಗೆ ಇದರಿಂದ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಮನೆಯ ಕಾರ್ ಪಾರ್ಕಿಂಗಿನ ಮೂಲೆಯಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿರುವ ಹಳೆಯ ಬುಲೆಟ್, ಯೆಜ್ಡಿ, ಆರ್‌ಎಕ್ಸ್ 100 ಬೈಕುಗಳ ಒಡೆಯರು ಅದುವರೆಗೆ ಕಣ್ಣಿಗೆ ಬೀಳದೆ ಅಡಗಿದ್ದ ಒಂದು ತೊಂದರೆಯನ್ನು ಎದುರಿಸಬೇಕಾಯಿತು. ಅದೆಂದರೆ ಟ್ಯಾಂಕಿನ ಒಳಗಿನ ತುಕ್ಕು.

ಎಥೆನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಬೈಕಿನಲ್ಲಿ ಹೀಗೆ ಸೇರಿದ ನೀರು ಒಂದು ಮಿತಿಯನ್ನು ದಾಟಿದರೆ ಎಥೆನಾಲಿನೊಡನೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಪೆಟ್ರೋಲ್ ಕಾಕ್ ಇರುವುದೂ ತಳದಲ್ಲಿಯೇ. ಆದುದರಿಂದ ಎಂಜಿನ್ನಿಗೆ ಮೊದಲು ಹೋಗುವುದು ಆ ನೀರೇ. ಎರಡು ಸ್ಟ್ರೋಕಿನ ಬೈಕುಗಳಲ್ಲಿ, ಅದರಲ್ಲಿಯೂ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಯೆಜ್ಡಿಯಂಥವುಗಳಲ್ಲಿ, ಇದು ಇನ್ನೂ ಅಪಾಯಕಾರಿ. ತಳದ ಪದರದಲ್ಲಿ ಆಯಿಲಿನ ಅಂಶ ಅತ್ಯಲ್ಪವಾಗಿರುವುದರಿಂದ ಪಿಸ್ಟನ್ ಬಿಗಿದುಕೊಳ್ಳುವ ಸಂಭವವಿರುತ್ತದೆ. ಇದಲ್ಲದೆ ಹಳೆಯ ಟ್ಯಾಂಕಿನ ಗೋಡೆಗೆ ಅಂಟಿಕೊಂಡಿದ್ದ ಅಂಟು ಮತ್ತು ತುಕ್ಕಿನ ಪುಡಿಯನ್ನು ಎಥೆನಾಲ್ ಸಡಿಲಗೊಳಿಸಿ ಕಾರ್ಬ್ಯುರೇಟರಿನವರೆಗೆ ಸಾಗಿಸುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ವಾಷರುಗಳನ್ನು ಉಬ್ಬಿಸುತ್ತದೆ. ಪೆಟ್ರೋಲಿಗೆ ಮದ್ಯಸಾರ ಬೆರೆಸುವುದು ನಮ್ಮ ದೇಶಕ್ಕೆ ಹೊಸತಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1948ರಲ್ಲಿಯೇ ಇದಕ್ಕಾಗಿ ಭಾರತೀಯ ಪವರ್ ಆಲ್ಕೊಹಾಲ್ ಕಾಯ್ದೆಯೊಂದು ಜಾರಿಯಾಗಿತ್ತು. ಹೊಸತಾಗಿರುವುದು ಬೆರಕೆಯ ಪ್ರಮಾಣ ಮಾತ್ರ.

ಟ್ಯಾಂಕ್ ಕಳಚಬೇಕಾದ ಕಾರಣ ತುಕ್ಕೊಂದೇ ಅಲ್ಲ. ಇಗ್ನಿಷನ್ ಕಾಯಿಲ್, ವೈರಿಂಗಿನ ಗಂಟು, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್‌ಗಳು ಹಲವು ಬೈಕುಗಳಲ್ಲಿ ಟ್ಯಾಂಕಿನ ಅಡಿಯಲ್ಲಿಯೇ ಹಾದುಹೋಗುತ್ತವೆ. ಬಣ್ಣ ಬಳಿಸಲು, ಸೋರಿಕೆ ಸರಿಪಡಿಸಲು, ಇಲಿ ಕಡಿದ ತಂತಿಯನ್ನು ಹುಡುಕಲು ಟ್ಯಾಂಕ್ ಎತ್ತಲೇಬೇಕು. ಮಳೆಗಾಲದಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ನಗರದ ಪೂರ್ವಭಾಗದ ಹೊರವರ್ತುಲ ರಸ್ತೆಯ ಆಸುಪಾಸು ನೀರು ನಿಂತಾಗ ಅನೇಕ ವಾಹನಗಳು ಮುಳುಗಿದ್ದವು. ಹಾಗೆ ಮುಳುಗಿದ ಬೈಕಿನ ಟ್ಯಾಂಕನ್ನು ಕಳಚಿ ಖಾಲಿ ಮಾಡಿ ಒಣಗಿಸದೆ ಚಾಲೂ ಮಾಡುವುದು ಸಲ್ಲದು.

ದಂಡು ಪ್ರದೇಶ ಮತ್ತು ಹಳೆಯ ಬೈಕುಗಳು

1809ರಲ್ಲಿ ನೆಲೆಗೊಂಡು 1949ರಲ್ಲಿ ನಗರದೊಡನೆ ಒಂದಾದ ಬೆಂಗಳೂರು ದಂಡು ಪ್ರದೇಶಕ್ಕೂ ಮೋಟಾರು ಬೈಕಿಗೂ ಇರುವ ನಂಟು ಹಳೆಯದು. ಹಲಸೂರಿನಲ್ಲಿ ಮದ್ರಾಸ್ ಎಂಜಿನಿಯರ್ಸ್ ಗ್ರೂಪಿನ ಕೇಂದ್ರವಿದೆ. ಸೇನೆಯ ಸರಬರಾಜು ದಳದ ‘ಟೊರ್ನೆಡೋಸ್’ ಎಂಬ ಬೈಕ್ ಪ್ರದರ್ಶನ ತಂಡದ ನೆಲೆಯೂ ಬೆಂಗಳೂರೇ. 2017ರ ನವೆಂಬರ್ 19ರಂದು ಯಲಹಂಕದ ವಾಯುನೆಲೆಯಲ್ಲಿ ಈ ತಂಡದ 58 ಮಂದಿ ಒಂದೇ 500 ಸಿಸಿ ರಾಯಲ್ ಎನ್‌ಫೀಲ್ಡ್ ಬೈಕನ್ನು ಏರಿ ಸಾಗಿ ದಾಖಲೆ ಮಾಡಿದ್ದರು. ಅದರ ಟ್ಯಾಂಕಿನ ಮೇಲೆ ಎಷ್ಟು ಮಂದಿ ಕುಳಿತಿದ್ದರೋ ಎಂದು ಅಚ್ಚರಿಪಡುವವರು ತಮ್ಮ ಮನೆಯ ಬುಲೆಟ್ಟಿನ ಮೇಲೆ ಅದನ್ನು ಪರೀಕ್ಷಿಸಲು ಹೋಗಬಾರದು.

ಹಳೆಯ ಬೈಕುಗಳ ವಿಷಯದಲ್ಲಿ ಟ್ಯಾಂಕ್ ಏಕೆ ಅಷ್ಟು ಮುಖ್ಯವೆಂದರೆ, ಅದು ಕೆಟ್ಟರೆ ಅದೇ ಗುಣಮಟ್ಟದ ಇನ್ನೊಂದು ಸಿಗುವುದು ಕಷ್ಟ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಬೈಕುಗಳ ತಯಾರಿಕೆ ಆರಂಭಿಸಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಮುಂದುವರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಯಮಹಾ ಆರ್‌ಎಕ್ಸ್ 100ರ ತಯಾರಿಕೆಯೂ 1985ರಲ್ಲಿ ಆರಂಭವಾಗಿ 1996ರಲ್ಲಿಯೇ ನಿಂತಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮರಳಿ ಬಂದವಾದರೂ ಹೊಸ ಬೈಕಿನ ಟ್ಯಾಂಕ್ ಹಳೆಯ ಚಾಸಿಗೆ ಕೂರುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ನಕಲಿ ಟ್ಯಾಂಕುಗಳ ತಗಡು ತೆಳು, ಬೆಸುಗೆ ಒರಟು. ಹಾಗಾಗಿ ಮೂಲ ಟ್ಯಾಂಕನ್ನು ಉಳಿಸಿಕೊಳ್ಳುವುದೇ ಜಾಣತನ.

ಎಲ್ಲಿ ಕೆಲಸ ಮಾಡಬೇಕು

ಸ್ಪ್ಯಾನರ್ ಹಿಡಿಯುವ ಮೊದಲು ಜಾಗವನ್ನು ನೋಡಬೇಕು. ಪೆಟ್ರೋಲ್ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಚಳಿಯಲ್ಲಿಯೂ ಹೊತ್ತಿಕೊಳ್ಳಬಲ್ಲಷ್ಟು ಆವಿಯನ್ನು ಹೊರಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರದೆ ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ. 1.4ರಿಂದ 7.6ರೊಳಗೆ ಇದ್ದರೆ ಒಂದು ಕಿಡಿ ಸಾಕು.

ಇಂದಿರಾನಗರ ಅಥವಾ ಕೆ.ಆರ್. ಪುರದ ಯಾವುದೇ ಮನೆಯ ಕೆಳ ಅಂತಸ್ತಿನ ಪಾರ್ಕಿಂಗನ್ನು ಈ ದೃಷ್ಟಿಯಿಂದ ನೋಡಿ. ನೆಲದಲ್ಲಿ ನೀರಿನ ಸಂಪು, ಅದರ ಪಕ್ಕದಲ್ಲಿ ಮೋಟಾರು, ಗೋಡೆಯ ಮೇಲೆ ಮೀಟರ್ ಬೋರ್ಡು ಮತ್ತು ಸ್ಟಾರ್ಟರ್, ಮೆಟ್ಟಿಲ ಕೆಳಗೆ ಯುಪಿಎಸ್ ಬ್ಯಾಟರಿ, ಈಗೀಗ ವಿದ್ಯುತ್ ಸ್ಕೂಟರಿನ ಚಾರ್ಜರ್ ಬೇರೆ. ಪೆಟ್ರೋಲ್ ಆವಿ ಇಳಿದು ನಿಲ್ಲಲು ತಕ್ಕ ಗುಂಡಿ ಮತ್ತು ಕಿಡಿ ಹಾರಲು ಬೇಕಾದ ಸ್ವಿಚ್ಚು ಎರಡೂ ಒಂದೇ ಕಡೆ ಇವೆ. ನೀವು ಟ್ಯಾಂಕ್ ಬಿಚ್ಚುತ್ತಿರುವಾಗ ಮೇಲಿನ ಮನೆಯವರು ನೀರಿನ ಮೋಟಾರು ಹಾಕಿದರೆ ಏನಾಗಬಹುದೆಂದು ಯೋಚಿಸಬೇಕು. ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಂತೂ ಈ ಕೆಲಸ ಖಂಡಿತ ಕೂಡದು. ಕಾಂಪೌಂಡಿನ ಒಳಗಿನ ತೆರೆದ ಅಂಗಳ ಅಥವಾ ಗೇಟಿನ ಬಳಿಯ ಗಾಳಿಯಾಡುವ ಜಾಗ ಸೂಕ್ತ. ತಾರಸಿ ಇನ್ನೂ ಒಳ್ಳೆಯದು, ಆದರೆ ಬೈಕನ್ನು ಅಲ್ಲಿಗೆ ಏರಿಸುವುದು ಹೇಗೆ? ಕಳಚಿದ ಮೇಲೆ ಟ್ಯಾಂಕನ್ನು ಮಾತ್ರ ಅಲ್ಲಿಗೊಯ್ದು ಒಣಗಿಸಬಹುದು.

ಸಂಜೆಯ ಹೊತ್ತು ಬೇಡ. ಬೆಳಕಿಲ್ಲವೆಂಬುದು ಒಂದು ಕಾರಣ. ತುಳಸಿಕಟ್ಟೆಯ ದೀಪ, ಅಗರಬತ್ತಿ, ಸೊಳ್ಳೆ ಬತ್ತಿ ಹಚ್ಚುವ ಸಮಯ ಅದೇ ಎಂಬುದು ಇನ್ನೊಂದು. ಬೆಂಕಿ ನಂದಿಸಲು ಒಣ ಪುಡಿಯ ಎಬಿಸಿ ಮಾದರಿಯ ಸಿಲಿಂಡರ್, ಅದಿಲ್ಲದಿದ್ದರೆ ಒಂದು ಬಕೆಟ್ ಮರಳು ಕೈಗೆಟಕುವಂತಿರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ದೂರ ಹರಡುತ್ತದೆ. ಬೆಂಕಿ ಕೈಮೀರಿದರೆ 101 ಅಥವಾ 112ಕ್ಕೆ ಕರೆ ಮಾಡಿ ದೂರ ಸರಿಯಬೇಕೇ ಹೊರತು ಬೈಕನ್ನು ಉಳಿಸಲು ಹೋಗಬಾರದು.

ಪೆಟ್ರೋಲ್ ಖಾಲಿ ಮಾಡುವ ಬಗೆ

ಟ್ಯಾಂಕಿನಲ್ಲಿ ಕಡಿಮೆ ಪೆಟ್ರೋಲ್ ಇರುವಾಗ, ಅಂದರೆ ರಿಸರ್ವಿಗೆ ಬಂದ ಮರುದಿನ, ಈ ಕೆಲಸ ಇಟ್ಟುಕೊಳ್ಳುವುದು ಉತ್ತಮ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋ. ಹತ್ತು ಲೀಟರ್ ಇದ್ದರೆ ಏಳೂವರೆ ಕಿಲೋದಷ್ಟು ಭಾರ ತುಳುಕುತ್ತಾ ಕೈ ಜಾರಿಸುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬೈಕನ್ನು ನಡು ಸ್ಟ್ಯಾಂಡಿಗೆ ಏರಿಸಿ, ಬ್ಯಾಟರಿಯ ಋಣ ತುದಿಯ ತಂತಿಯನ್ನು ಮೊದಲು ಬಿಚ್ಚಬೇಕು.

ಕಾರ್ಬ್ಯುರೇಟರ್ ಇರುವ ಬೈಕುಗಳಲ್ಲಿ ಪೆಟ್ರೋಲ್ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಕಾಕನ್ನು ‘ಆಫ್’ ಮಾಡಿ ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಕಳಚಿ, ಆ ಜಾಗಕ್ಕೆ ಉದ್ದನೆಯ ಪೆಟ್ರೋಲ್ ಪೈಪೊಂದನ್ನು ಸಿಕ್ಕಿಸಿ, ಅದರ ತುದಿಯನ್ನು ಕೆಳಗಿಟ್ಟ ಡಬ್ಬಿಯೊಳಗೆ ಇಳಿಬಿಡಬೇಕು. ಅನಂತರ ಕಾಕನ್ನು ‘ಆನ್’ಗೆ ಅಲ್ಲ, ‘ರಿಸರ್ವ್’ಗೆ ತಿರುಗಿಸಬೇಕು. ‘ಆನ್’ನಲ್ಲಿಟ್ಟರೆ ಒಳಗಿನ ಎತ್ತರದ ಕೊಳವೆಯ ಬಾಯಿಯವರೆಗಿನ ಪೆಟ್ರೋಲ್ ಮಾತ್ರ ಬಂದು ಉಳಿದದ್ದು ಒಳಗೇ ನಿಲ್ಲುತ್ತದೆ. ಎಂಜಿನ್ನಿನ ಎಳೆತದಿಂದ ತೆರೆದುಕೊಳ್ಳುವ ಕಾಕ್ ಇರುವ ಕೆಲವು ಬೈಕುಗಳಲ್ಲಿ ಹೀಗೆ ಹರಿಯುವುದೇ ಇಲ್ಲ. ಅಂಥವುಗಳಲ್ಲಿ ಮುಚ್ಚಳ ತೆರೆದು ಕೈಪಂಪಿನಿಂದ ತೆಗೆಯಬೇಕು.

ಬಾಯಿಯಿಂದ ಪೈಪು ಎಳೆದು ಪೆಟ್ರೋಲ್ ತೆಗೆಯುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಗ್ಯಾರೇಜುಗಳಲ್ಲಿ ಹುಡುಗರು ಹಾಗೆ ಮಾಡುವುದನ್ನು ಎಲ್ಲರೂ ನೋಡಿರುತ್ತಾರೆ. ಒಂದು ಗುಟುಕು ಪೆಟ್ರೋಲ್ ಹೊಟ್ಟೆಗೆ ಹೋಗುವುದಕ್ಕಿಂತ ಅದರ ಕೆಲವು ಹನಿ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚು ಅಪಾಯಕಾರಿ. ಅದು ರಾಸಾಯನಿಕ ನ್ಯುಮೋನಿಯಾಕ್ಕೆ ಎಡೆ ಮಾಡುತ್ತದೆ. ಯಾರಾದರೂ ಪೆಟ್ರೋಲ್ ಕುಡಿದರೆ ವಾಂತಿ ಮಾಡಿಸಬಾರದು. ಹೊರಬರುವಾಗ ಅದು ಮತ್ತೊಮ್ಮೆ ಶ್ವಾಸನಾಳ ಸೇರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹತ್ತು ಹದಿನೈದು ನಿಮಿಷ ಉಳಿಸುವ ಈ ಅಡ್ಡದಾರಿಯನ್ನು ಮನೆಯಲ್ಲಿ ಮಾತ್ರವಲ್ಲ, ಗ್ಯಾರೇಜಿನಲ್ಲಿಯೂ ನಿಲ್ಲಿಸಬೇಕೆಂಬುದೇ ಈ ಲೇಖಕನ ಅಭಿಪ್ರಾಯ.

ತೆಗೆದ ಪೆಟ್ರೋಲನ್ನು ಇಡುವುದು ಎಲ್ಲಿ? ಖಾಲಿಯಾದ ನೀರಿನ ಬಾಟಲಿಯೇ ಎಲ್ಲರ ಕೈಗೆ ಮೊದಲು ಸಿಗುವುದು. ಅದೇ ದೊಡ್ಡ ತಪ್ಪು. ಬಾಯಾರಿ ಬಂದ ಮಗು ಅದನ್ನು ನೀರೆಂದೇ ತಿಳಿಯುತ್ತದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟದ ಉದ್ದೇಶವಿಲ್ಲದೆ 30 ಲೀಟರ್ ಮೀರದ ಪೆಟ್ರೋಲನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಅದು ಬಿರಡೆ ಬಿಗಿಯಾದ ಪಾತ್ರೆಯಲ್ಲಿರಬೇಕು. ಗಾಜು ಅಥವಾ ಪಿಂಗಾಣಿಯದಾದರೆ ಒಂದು ಲೀಟರ್, ಲೋಹದ್ದಾದರೆ 25 ಲೀಟರ್ ಮಿತಿ. ಲೋಹದ ಡಬ್ಬಿಯನ್ನು ನೆಲದ ಮೇಲೆಯೇ ಇಟ್ಟು ತುಂಬಿಸಬೇಕು. ತುಂಬುವ ಮುನ್ನ ಬೈಕಿನ ಬರಿಯ ಲೋಹದ ಭಾಗವನ್ನೊಮ್ಮೆ ಮುಟ್ಟಿದರೆ ಮೈಮೇಲಿನ ಸ್ಥಾಯೀ ವಿದ್ಯುತ್ ಇಳಿದುಹೋಗುತ್ತದೆ. ಚಳಿಗಾಲದ ಒಣ ಹವೆಯಲ್ಲಿ ನೈಲಾನ್ ಜರ್ಕಿನ್ ಧರಿಸಿ ಈ ಕೆಲಸಕ್ಕೆ ಇಳಿಯದಿರುವುದು ಲೇಸು, ಹತ್ತಿಯ ಬಟ್ಟೆ ಸಾಕು.

ಕಳಚುವುದು

ಇಷ್ಟೆಲ್ಲ ಪೀಠಿಕೆಯ ನಂತರ ಕಳಚುವ ಕೆಲಸ ಮಾತ್ರ ಬಹುಪಾಲು ಬೈಕುಗಳಲ್ಲಿ ಕಾಲು ಗಂಟೆಯದು. ಮೊದಲು ಬದಿಯ ಮುಚ್ಚಳ, ಅನಂತರ ಸೀಟು. ಸೀಟು ತೆಗೆದರೆ ಟ್ಯಾಂಕಿನ ಹಿಂಬದಿಯ ಬೋಲ್ಟು ಕಾಣುತ್ತದೆ. ಆರ್‌ಎಕ್ಸ್ 100 ಮತ್ತು ಅದರಂಥ ಸಣ್ಣ ಬೈಕುಗಳಲ್ಲಿ ಹಿಂದೆ ಒಂದೇ ಬೋಲ್ಟು ಇದ್ದು, ಮುಂದೆ ಚಾಸಿಯ ಎರಡೂ ಬದಿಯ ರಬ್ಬರ್ ಗುಂಡಿಗಳ ಮೇಲೆ ಟ್ಯಾಂಕಿನ ತೊಟ್ಟಿಲು ಜಾರಿ ಕೂತಿರುತ್ತದೆ. ಬುಲೆಟ್ಟಿನ ಹಳೆಯ ಮಾದರಿಗಳಲ್ಲಿ ಮುಂದೆಯೂ ಹಿಂದೆಯೂ ಬಿಗಿತವಿದೆ. ಮಾದರಿಯಿಂದ ಮಾದರಿಗೆ ವ್ಯತ್ಯಾಸವಿರುವುದರಿಂದ ಬೈಕಿನ ಕೈಪಿಡಿಯನ್ನು ನೋಡಿಯೇ ಮುಂದುವರಿಯಬೇಕು.

ಬೋಲ್ಟು ಬಿಚ್ಚಿದೊಡನೆ ಟ್ಯಾಂಕನ್ನು ಎಳೆಯಬಾರದು. ಹಿಂಭಾಗವನ್ನು ನಾಲ್ಕು ಬೆರಳಷ್ಟು ಎತ್ತಿ ಒಬ್ಬರು ಹಿಡಿದಿರಲು, ಇನ್ನೊಬ್ಬರು ಅಡಿಯಲ್ಲಿ ಬಗ್ಗಿ ನೋಡಬೇಕು. ಪೆಟ್ರೋಲ್ ಮಟ್ಟ ತೋರಿಸುವ ಮೀಟರಿನ ವೈರಿನ ಸಾಕೆಟ್ ಅಲ್ಲಿರಬಹುದು, ಮುಚ್ಚಳದ ಸುತ್ತಲಿನ ಮಳೆನೀರು ಇಳಿಯುವ ಸಣ್ಣ ಪೈಪೂ ಇರಬಹುದು. ಇವನ್ನು ಬಿಡಿಸಿದ ಮೇಲೆ ಟ್ಯಾಂಕನ್ನು ಹಿಂದಕ್ಕೆ ಜಾರಿಸಿ ಮೇಲಕ್ಕೆತ್ತಿದರೆ ಸುಲಭವಾಗಿ ಬರುತ್ತದೆ. ಮುಂದಿನ ರಬ್ಬರು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಸೋಪಿನ ನೀರು ಹಾಕಿ ಅತ್ತಿತ್ತ ಮೆಲ್ಲನೆ ಆಡಿಸಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬಣ್ಣವೂ ಹೋಗುತ್ತದೆ, ತಗಡೂ ತಗ್ಗುತ್ತದೆ.

ಚಾಸಿಯ ಮೇಲೆ ಜೀನಿನಂತೆ ಕೂರುವ ಟ್ಯಾಂಕಿನ ತಳದಲ್ಲಿ ಎಡಬಲಕ್ಕೆ ಎರಡು ಬಸಿರುಗಳಿರುತ್ತವೆ. ಕಾಕ್ ಒಂದೇ ಬದಿಯಲ್ಲಿದ್ದರೆ ಇನ್ನೊಂದು ಬದಿಯಲ್ಲಿ ಅರ್ಧ ಲೀಟರಿನಷ್ಟಾದರೂ ಪೆಟ್ರೋಲ್ ಉಳಿದೇ ಇರುತ್ತದೆ. ಖಾಲಿಯಾಯಿತೆಂದು ನಂಬಿ ವಾಲಿಸಿದವರ ಷರಟು ಒದ್ದೆಯಾಗುವುದು ಇದರಿಂದಲೇ. ಕೆಲವು ಹಳೆಯ ಟ್ಯಾಂಕುಗಳಲ್ಲಿ ಈ ಎರಡು ಬದಿಗಳನ್ನು ಕೂಡಿಸುವ ಸಣ್ಣ ಪೈಪೊಂದು ಅಡಿಯಲ್ಲಿರುತ್ತದೆ. ಅದನ್ನು ಗಮನಿಸದೆ ಎತ್ತಿದರೆ ಹರಿದುಹೋಗುತ್ತದೆ. ಕಳಚಿದ ಟ್ಯಾಂಕನ್ನು ದಪ್ಪ ಕಂಬಳಿಯ ಮೇಲೆ, ಕಾಕಿನ ಮೇಲೆ ಭಾರ ಬೀಳದಂತೆ ಇಡಬೇಕು. ಬೋಲ್ಟು, ವಾಷರು, ರಬ್ಬರು, ಒಳಗಿನ ಲೋಹದ ಬಳೆ, ಇವುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ತಟ್ಟೆಯಲ್ಲಿ ಜೋಡಿಸಿಟ್ಟರೆ ಮರುಜೋಡಣೆಯಲ್ಲಿ ತಲೆ ಕೆರೆದುಕೊಳ್ಳಬೇಕಾಗುವುದಿಲ್ಲ. ಮೊಬೈಲಿನಲ್ಲಿ ಒಂದೆರಡು ಚಿತ್ರ ತೆಗೆದಿಟ್ಟುಕೊಂಡರಂತೂ ಇನ್ನೂ ಒಳಿತು.

2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ತಯಾರಾದ ಬಹುತೇಕ ಬೈಕುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಅವುಗಳ ಟ್ಯಾಂಕಿನೊಳಗೆ ವಿದ್ಯುತ್ ಪಂಪು ಇದ್ದು, ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡವಿರುತ್ತದೆ. ಬೈಕಿನ ಹಿಂದಿನ ಟೈರಿಗೆ ತುಂಬಿಸುವ ಗಾಳಿಗಿಂತಲೂ ಇದು ಹೆಚ್ಚು. ಎಂಜಿನ್ ನಿಲ್ಲಿಸಿದ ಮೇಲೂ ಈ ಒತ್ತಡ ಉಳಿದಿರುವುದರಿಂದ ಪೈಪನ್ನು ಹಾಗೆಯೇ ಎಳೆದರೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ. ಇಂಥ ಬೈಕುಗಳಲ್ಲಿ ಮೊದಲು ಪಂಪಿನ ವೈರಿನ ಸಾಕೆಟ್ ಬಿಡಿಸಿ, ಎಂಜಿನ್ ಚಾಲೂ ಮಾಡಿ, ಪೈಪಿನಲ್ಲಿರುವುದೆಲ್ಲ ಉರಿದು ಅದು ತಾನಾಗಿ ನಿಲ್ಲುವವರೆಗೆ ಬಿಡಬೇಕು. ಎಂಜಿನ್ ಮತ್ತೆ ತಣಿದ ಮೇಲೆ ಬ್ಯಾಟರಿ ಬಿಚ್ಚಿ, ಕನ್ನಡಕ ಧರಿಸಿ, ಪೈಪಿನ ಜೋಡಣೆಗೆ ಬಟ್ಟೆ ಸುತ್ತಿ ಕಳಚಬೇಕು. ಇಷ್ಟರವರೆಗೆ ಮನೆಯಲ್ಲಿ ಮಾಡಬಹುದು. ಟ್ಯಾಂಕಿನ ತಳದಿಂದ ಪಂಪನ್ನೇ ತೆಗೆಯಬೇಕಾಗಿ ಬಂದರೆ ಸರ್ವೀಸ್ ಸೆಂಟರಿಗೆ ಒಯ್ಯುವುದೇ ಸರಿ. ಅದರ ಸೀಲು ಒಂದು ಕೂದಲೆಳೆಯಷ್ಟು ಸರಿದು ಕೂತರೂ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಹನಿಯುತ್ತದೆ.

ಒಳಗಿನ ತುಕ್ಕು

ಒಳಗೆ ನೋಡಲು ಬ್ಯಾಟರಿಯ ಟಾರ್ಚನ್ನು ಹೊರಗಿನಿಂದ ಬಿಡಬೇಕು. ಬೆಂಕಿಕಡ್ಡಿ ಗೀರಿ ಟ್ಯಾಂಕಿನೊಳಗೆ ಇಣುಕುವವರಿಲ್ಲ ಎಂದುಕೊಳ್ಳೋಣ. ತಳದಲ್ಲಿ ಕಂದು ಬಣ್ಣದ ತೆಳು ಪುಡಿ ಇದ್ದರೆ ಎರಡು ಮೂರು ಬಾರಿ ಸ್ವಚ್ಛ ಪೆಟ್ರೋಲಿನಲ್ಲಿ ಕುಲುಕಿ ಚೆಲ್ಲುವುದೇ ಸಾಕಾಗುತ್ತದೆ. ಹಕ್ಕಳೆಯಾಗಿ ಎದ್ದಿದ್ದರೆ ಆಮ್ಲ ಬೇಕು.

ಆಮ್ಲ ಹಾಕುವ ಮೊದಲು ಕಾಕ್, ಮುಚ್ಚಳ ಮತ್ತು ಪೆಟ್ರೋಲ್ ಮೀಟರಿನ ತೇಲುಗುಂಡನ್ನು ತೆಗೆದು ಆ ರಂಧ್ರಗಳನ್ನು ರಬ್ಬರಿನಿಂದ ಮುಚ್ಚಬೇಕು. ಟ್ಯಾಂಕನ್ನು ಬಯಲಲ್ಲಿ ಬಾಯಿ ತೆರೆದಿಟ್ಟು ಆವಿ ಹೋದ ಮೇಲೆ ಸೋಪಿನ ಪುಡಿ ಮತ್ತು ಬಿಸಿನೀರಿನಿಂದ ತೊಳೆಯಬೇಕು. ಜಿಡ್ಡು ಉಳಿದ ಕಡೆ ಆಮ್ಲ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಒಂದು ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂನಂತೆ ಕರಗಿಸಿ ಟ್ಯಾಂಕ್ ತುಂಬಿಸಿ ಒಂದು ದಿನ ಬಿಡುವುದು ಸರಳ ಮಾರ್ಗ. ಬಿಳಿ ವಿನೆಗರ್ ಕೂಡ ಆಗುತ್ತದೆ, ಸಮಯ ಹೆಚ್ಚು ಬೇಕು. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ರೂಢಿಯಿರುವ ಮನೆಗಳಲ್ಲಿ ಇಲ್ಲಿಯೂ ಅದೇ ನಡೆದೀತೆಂಬ ಸಲಹೆ ಬರುವುದುಂಟು. ಹುಣಸೆಯ ಹುಳಿ ತುಕ್ಕು ಬಿಡಿಸಬಹುದಾದರೂ ಅದರ ನಾರು ಕಾಕಿನ ಜರಡಿಯನ್ನು ಕಟ್ಟಿಬಿಡುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಬಳಸುವ ಮೆಕ್ಯಾನಿಕರೂ ಇದ್ದಾರೆ. ಅದು ತುಕ್ಕಿನೊಡನೆ ಒಳ್ಳೆಯ ತಗಡನ್ನೂ ತಿನ್ನುತ್ತದೆ, ತೊಳೆದ ಕೆಲವೇ ನಿಮಿಷಗಳಲ್ಲಿ ಹೊಸ ತುಕ್ಕು ಕಾಣಿಸಿಕೊಳ್ಳುತ್ತದೆ. ಸೂಜಿಮೊನೆಯಷ್ಟು ರಂಧ್ರಗಳನ್ನು ತುಕ್ಕೇ ಮುಚ್ಚಿ ಹಿಡಿದಿದ್ದ ಟ್ಯಾಂಕುಗಳು ಇದರ ನಂತರ ಜರಡಿಯಂತಾಗುವುದೂ ಉಂಟು.

ಆಮ್ಲ ತುಂಬಿದ ಟ್ಯಾಂಕಿನ ಬಾಯನ್ನು ಬಿಗಿಯಾಗಿ ಮುಚ್ಚಬಾರದು. ಆಮ್ಲವು ಕಬ್ಬಿಣದೊಡನೆ ಸೇರಿ ಜಲಜನಕ ಅನಿಲವನ್ನು ಬಿಡುಗಡೆ ಮಾಡುತ್ತದೆ. ಅದೂ ಹೊತ್ತಿಕೊಳ್ಳುವಂಥದೇ. ಮರುದಿನ ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಶುದ್ಧ ನೀರಿನಿಂದ ಜಾಲಿಸಿ, ಕೂಡಲೇ ಬಿಸಿಲಿಗೆ ಇಡಬೇಕು. ಮಾರ್ಚ್ ತಿಂಗಳ ಬಿಸಿಲಾದರೆ ಕೆಲವೇ ಗಂಟೆ ಸಾಕು. ಜುಲೈನ ಜಿಟಿಜಿಟಿ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ವಾಸಿ. ಒಣಗಿದೊಡನೆ ಸ್ವಲ್ಪ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಿ ಒಳಗೆಲ್ಲ ಹರಿಸಿದರೆ ತೆಳುವಾದ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಒಳಮೈಗೆ ರಾಳದ ಲೇಪ ಹಾಕಿಸುವವರು ಅದು ಎಥೆನಾಲನ್ನು ತಾಳಿಕೊಳ್ಳುವಂಥದೇ ಎಂದು ಕೇಳಿ ತಿಳಿಯಬೇಕು. ತಾಳದ ಲೇಪ ಕೆಲವು ತಿಂಗಳಲ್ಲಿ ಸುಲಿದು ಬಂದು ಮೊದಲಿಗಿಂತ ದೊಡ್ಡ ತಲೆನೋವಾಗುತ್ತದೆ.

ಬೆಸುಗೆ ಮತ್ತು ಗುಜರಿ

ಸೋರುವ ಟ್ಯಾಂಕನ್ನು ಬೆಸುಗೆಗೆ ಕೊಡುವವರು ಒಂದು ವಿಷಯವನ್ನು ಮನಗಾಣಬೇಕು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ. ತುಂಬಿದ್ದಾಗ ಒಳಗಿನ ಆವಿ ಅತಿ ದಟ್ಟವಾಗಿದ್ದು ಹೊತ್ತಿಕೊಳ್ಳಲು ಬೇಕಾದಷ್ಟು ಗಾಳಿ ಇರುವುದಿಲ್ಲ. ಖಾಲಿ ಮಾಡಿದಾಗ ಗಾಳಿ ಒಳಸೇರಿ ಸ್ಫೋಟಕ್ಕೆ ತಕ್ಕ ಮಿಶ್ರಣವಾಗುತ್ತದೆ. ತಗಡಿನ ಮಡಿಕೆಗಳಲ್ಲಿ ಅಡಗಿದ ಪೆಟ್ರೋಲ್ ಬೆಸುಗೆಯ ಬಿಸಿಗೆ ಮತ್ತೆ ಆವಿಯಾಗುತ್ತದೆ. ಆದುದರಿಂದ ವಾಸನೆ ಇಲ್ಲವೆಂಬುದು ಸುರಕ್ಷಿತ ಎಂಬುದಕ್ಕೆ ಸಾಕ್ಷಿಯಲ್ಲ. ಟ್ಯಾಂಕನ್ನು ಸೋಪು ನೀರಿನಿಂದ ಹಲವು ಬಾರಿ ತೊಳೆದು, ಬೆಸೆಯಬೇಕಾದ ಜಾಗವನ್ನು ಬಿಟ್ಟು ಉಳಿದೆಡೆ ನೀರು ತುಂಬಿಸಿ, ಬಾಯಿ ತೆರೆದಿಟ್ಟು ಬೆಸೆಯುವ ಕುಶಲಿಗಳಿದ್ದಾರೆ. ಅಂಥವರಿಗಷ್ಟೇ ಕೊಡಬೇಕು. ‘ಏನೂ ಆಗಲ್ಲ, ಬಿಡಿ ಸಾರ್’ ಎನ್ನುವವರಿಂದ ಟ್ಯಾಂಕನ್ನು ವಾಪಸು ಪಡೆದು ಬರುವುದು ಲೇಸು. ಮನೆಯಲ್ಲಿ ಬೆಸುಗೆಯ ಪ್ರಯೋಗ ಬೇಡವೇ ಬೇಡ.

ಹಳೆಯ ಟ್ಯಾಂಕ್ ಉಳಿಯದೆಂದು ಗೊತ್ತಾದರೆ ಬೆಂಗಳೂರಿಗರಿಗೆ ನೆನಪಾಗುವುದು ಶಿವಾಜಿನಗರದ ಗುಜರಿ. 1927ರ ರಸೆಲ್ ಮಾರುಕಟ್ಟೆಯಿಂದ ಹೆಚ್ಚು ದೂರವಲ್ಲದ ಗಲ್ಲಿಗಳಲ್ಲಿ ವಾಹನಗಳ ಹಳೆಯ ಬಿಡಿಭಾಗಗಳ ವ್ಯಾಪಾರ ಬಹುಕಾಲದಿಂದ ನಡೆದಿದೆ. ನಿಲ್ಲಿಸಿದ ವಾಹನ ಅಲ್ಲಿ ಭಾಗಭಾಗವಾಗಿ ಮಾರಾಟವಾಗುತ್ತದೆಂಬ ನಗೆಮಾತೂ ಅಷ್ಟೇ ಹಳೆಯದು. ಅಲ್ಲಿ ಟ್ಯಾಂಕ್ ಕೊಳ್ಳುವವರು ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗಬೇಕು. ಹೊಳೆಯುವ ಬಣ್ಣದ ಕೆಳಗೆ ತಗ್ಗುಗಳನ್ನು ಪುಟ್ಟಿಯಿಂದ ತುಂಬಿದ್ದರೆ ಅಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ. ಟಾರ್ಚು ಬಿಟ್ಟು ತಳ ನೋಡಬೇಕು, ಅಲ್ಲಾಡಿಸಿ ಕೇಳಬೇಕು, ಚಾಸಿಯ ಮೇಲೆ ಕೂರುವ ಒಳಬದಿಯ ಬೆಸುಗೆಯ ಅಂಚನ್ನು ಬೆರಳಿನಿಂದ ಸವರಬೇಕು. ಸೋರಿಕೆ ಆರಂಭವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಎಷ್ಟೇ ಅಗ್ಗವಾದರೂ ಬಿಲ್ಲು ಕೇಳಿ ಪಡೆಯಬೇಕು, ಕದ್ದ ಮಾಲಿನ ಸಂಶಯ ಬಂದಾಗ ಕೈಯಲ್ಲಿರುವ ಆಧಾರ ಅದೊಂದೇ. ಟ್ಯಾಂಕಿನ ಬಣ್ಣ ಬೇರೆಯಾಗಿ ಬೈಕಿನ ಬಣ್ಣವೇ ಬದಲಾದರೆ ನೋಂದಣಿ ಪ್ರಮಾಣಪತ್ರದಲ್ಲಿಯೂ ತಿದ್ದುಪಡಿ ಮಾಡಿಸಬೇಕು. ಕೆಎ 03 ಸಂಖ್ಯೆಯ ವಾಹನಗಳಿಗೆ ಇಂದಿರಾನಗರದ, ಕೆಎ 53 ಸಂಖ್ಯೆಯವಕ್ಕೆ ಕೆ.ಆರ್. ಪುರದ ಆರ್‌ಟಿಒ ಕಚೇರಿ ಸಂಬಂಧಪಟ್ಟದ್ದು.

ತೆಗೆದ ಹಳೆಯ ಪೆಟ್ರೋಲ್ ಸ್ವಚ್ಛವಾಗಿದ್ದರೆ ಸೋಸಿ, ಹೊಸ ಪೆಟ್ರೋಲಿಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಬಳಸಬಹುದು. ತಳದಲ್ಲಿ ನೀರಿನ ಪದರ ಕಂಡರೆ ಅಥವಾ ವಾರ್ನಿಷಿನ ವಾಸನೆ ಬಂದರೆ ಬಳಸಬಾರದು. ಅದನ್ನು ಚರಂಡಿಗೆ ಚೆಲ್ಲುವುದು ಸುಲಭವೆನಿಸಬಹುದು. ಆದರೆ ಹಲಸೂರು ಕೆರೆಯ ಕಡೆಯ ರಾಜಕಾಲುವೆಗಳು ಹರಿದು ಸೇರುವುದು ಬೆಳ್ಳಂದೂರು ಕೆರೆಗೆ. ಆ ಕೆರೆಯಲ್ಲಿ 2015, 2017 ಮತ್ತು 2018ರಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನು, 2018ರ ಜನವರಿಯಲ್ಲಿ ನಂದಿಸಲು ಸೈನಿಕರೇ ಇಳಿಯಬೇಕಾದದ್ದನ್ನು ಓದುಗರು ಮರೆತಿರಲಾರರು. ಕಾರಣಗಳು ಅನೇಕ, ಅದಕ್ಕೆ ನಮ್ಮ ಪಾಲನ್ನೂ ಸೇರಿಸುವುದು ಬೇಡ. ಕೆಟ್ಟ ಪೆಟ್ರೋಲನ್ನು ಮುಚ್ಚಿದ ಡಬ್ಬಿಯಲ್ಲಿ, ಹಳೆಯ ಎಂಜಿನ್ ಆಯಿಲ್ ಸಂಗ್ರಹಿಸುವ ಸರ್ವೀಸ್ ಸೆಂಟರಿಗೆ ಒಯ್ದು ವಿಚಾರಿಸಬಹುದು. ಎಂಜಿನ್ ಆಯಿಲಿನೊಡನೆ ಅದನ್ನು ಬೆರೆಸಬಾರದು.

ಮರುಜೋಡಣೆ

ಜೋಡಿಸುವಾಗ ಪೆಟ್ರೋಲ್ ಪೈಪು, ಅದರ ಕ್ಲಿಪ್ಪುಗಳು ಮತ್ತು ಕಾಕಿನ ವಾಷರುಗಳನ್ನು ಹೊಸದಾಗಿ ಹಾಕಬೇಕು. ಎಥೆನಾಲಿಗೆ ಒಗ್ಗುವ ಪೈಪನ್ನೇ ಕೇಳಿ ಪಡೆಯಬೇಕು. ಕಾಕಿನೊಳಗಿನ ಜರಡಿ ಹರಿದಿದ್ದರೆ ಬದಲಿಸಬೇಕು. ಟ್ಯಾಂಕಿನ ಮುಂಭಾಗವನ್ನು ರಬ್ಬರಿನ ಮೇಲೆ ಕೂರಿಸಿ, ವೈರು ಮತ್ತು ಕೇಬಲ್‌ಗಳು ಅಡಿಯಲ್ಲಿ ಸಿಕ್ಕಿಕೊಂಡಿಲ್ಲವೆಂದು ನೋಡಿದ ಮೇಲಷ್ಟೇ ಬೋಲ್ಟು ಬಿಗಿಯಬೇಕು. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ತಾನಾಗಿ ಮರಳುತ್ತಿದೆಯೇ ಎಂದು ಪರೀಕ್ಷಿಸಬೇಕು. ಬೋಲ್ಟನ್ನು ಅತಿಯಾಗಿ ಬಿಗಿದರೆ ರಬ್ಬರು ಜಜ್ಜಿ ಎಂಜಿನ್ನಿನ ನಡುಕವೆಲ್ಲ ಟ್ಯಾಂಕಿಗೆ ತಾಗಿ ಹೊಸ ಬಿರುಕು ಹುಟ್ಟುತ್ತದೆ.

ಮೊದಲು ಒಂದು ಲೀಟರ್ ಮಾತ್ರ ಹಾಕಿ, ಬೈಕಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ, ಕಾಕ್ ತೆರೆದು ಹತ್ತು ನಿಮಿಷ ಕಾಯಬೇಕು. ಕಾಗದದ ಮೇಲೆ ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ. ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಬ್ಯಾಟರಿಯ ತಂತಿ ಜೋಡಿಸಿ ಚಾಲೂ ಮಾಡಬಹುದು. ಬೈಕು ಸರಿಯಾಗಿ ಹೊರಟು, ಮೂರು ನಾಲ್ಕು ಕಿಲೋಮೀಟರ್ ಸಾಗಿದ ಮೇಲೆ ತಾನಾಗಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತಿದ್ದರೆ ಕಾರ್ಬ್ಯುರೇಟರನ್ನು ಬಿಚ್ಚುವ ಮೊದಲು ಟ್ಯಾಂಕಿನ ಮುಚ್ಚಳವನ್ನು ತೆರೆದು ನೋಡಬೇಕು. ಸುಯ್ ಎಂದು ಗಾಳಿ ಒಳನುಗ್ಗಿದರೆ ಮುಚ್ಚಳದಲ್ಲಿರುವ ಗಾಳಿಯ ರಂಧ್ರ ಬಣ್ಣ ಅಥವಾ ಧೂಳಿನಿಂದ ಕಟ್ಟಿದೆ ಎಂದರ್ಥ. ತೆಳುವಾದ ತಂತಿಯಿಂದ ಅದನ್ನು ಬಿಡಿಸಿದರೆ ಬೈಕು ಮೊದಲಿನಂತೆ ಓಡುತ್ತದೆ.